ಎಲ್ಲಾ ಪ್ಯಾಕೇಜೂ ಹಾಕಿಬಿಡ್ಲೇನ್ ಅಣ್ಣಾ?

ಕಳೆದ ವಾರ ಯಲಬುರ್ಗಾದ ಕಿರಿಯ ಗೆಳೆಯನೊಬ್ಬ ಹಳೇ ಲ್ಯಾಪ್‌ಟಾಪ್ ಹಿಡಿದುಕೊಂಡು ಕೊಪ್ಪಳಕ್ಕೆ ಬಂದಿದ್ದ. ವಿಂಡೋಸ್ ತೆಗೆದು ಡೆಬಿಯನ್ ಲಿನಕ್ಸ್ ಹಾಕಿಕೊಟ್ಟೆ. "ಅಣ್ಣಾ, ಹೆಂಗೂ ಪುಕ್ಕಟೆ ಅದಾವ. ಎಲ್ಲಾ ಪ್ಯಾಕೇಜೂ ಒಮ್ಮೆಲೇ ಹಾಕಿಬಿಡ್ಲೇನ್? ನಮ್ಮೂರಾಗ ನೆಟ್ ಬಂದ್ರ ಬಂತು, ಇಲ್ಲಾಂದ್ರ ಇಲ್ಲ" ಎಂದ.

ನಕ್ಕು ಬಿಡುವ ಪ್ರಶ್ನೆಯಲ್ಲ ಇದು. ಒಂದು ಕಾಲಕ್ಕೆ ಲಿನಕ್ಸ್ ತಯಾರಿಸುವವರೇ ಇದಕ್ಕೆ ಅವಕಾಶ ಕೊಟ್ಟಿದ್ದರು.

1991ರಲ್ಲಿ ಲಿನಸ್ ಟೊರ್ವಾಲ್ಡ್ಸ್ ಹೊರತಂದದ್ದು ಬರೀ ಕರ್ನಲ್. ಪತ್ರ ಬರೆಯಲು, ಮುದ್ರಿಸಲು, ಚಿತ್ರ ನೋಡಲು ಬೇರೆ ಬೇರೆ ತಂತ್ರಾಂಶ ಬೇಕು. ಅವನ್ನು ಒಂದೊಂದೇ ಗಂಟು ಕಟ್ಟಿದರೆ ಅದೇ ಪ್ಯಾಕೇಜ್. 1996ರ ಜೂನ್‌ನಲ್ಲಿ ಬಂದ ಡೆಬಿಯನ್ 1.1ರಲ್ಲಿ ಇದ್ದದ್ದು 474 ಪ್ಯಾಕೇಜ್.

ಆಗ ಇಂಟರ್‌ನೆಟ್ ಎಂದರೆ ಫೋನ್ ತಂತಿಯ ಮೇಲೆ ತೆವಳುವ ಸಂಪರ್ಕ. ನಮ್ಮ ದೇಶದಲ್ಲಿ ಬಹಳ ಜನ ಲಿನಕ್ಸ್ ಕಂಡದ್ದು ಪಿಸಿಕ್ವೆಸ್ಟ್‌ನಂಥ ಪತ್ರಿಕೆಯ ಜತೆ ಬಂದ ಸಿಡಿಯಲ್ಲಿ. ಏನಾದರೂ ಬಿಟ್ಟುಹೋದರೆ ಮತ್ತೆ ಆ ಸಿಡಿ ಹುಡುಕಬೇಕು. ಅದಕ್ಕೇ ರೆಡ್ ಹ್ಯಾಟ್ ಹಾಕುವಾಗ 'ಎವ್ರಿಥಿಂಗ್' ಎಂಬ ಆಯ್ಕೆ ಇರುತ್ತಿತ್ತು. 2003ರ ರೆಡ್ ಹ್ಯಾಟ್ 9ರಲ್ಲಿ ಅದನ್ನು ಒತ್ತಿದರೆ ಸುಮಾರು 5 ಜಿಬಿ ಜಾಗ ಹೋಗುತ್ತಿತ್ತು. ನಮ್ಮ ಹಿರಿಯರು ಹಗೇವಿನಲ್ಲಿ ವರ್ಷದ ಜೋಳ ತುಂಬಿಡುತ್ತಿದ್ದರಲ್ಲ, ಅದೇ ಲೆಕ್ಕ. ನಾಳೆ ಸಿಗುತ್ತದೋ ಇಲ್ಲವೋ ಎಂಬ ಭಯ.

ಆದರೆ ಹಗೇವಿಗೂ ಹುಳ ಬೀಳುತ್ತದೆ. 2001ರ ಜನವರಿಯಲ್ಲಿ 'ರಾಮೆನ್' ಎಂಬ ವರ್ಮ್ ರೆಡ್ ಹ್ಯಾಟ್ 6.2 ಮತ್ತು 7.0 ಇದ್ದ ಯಂತ್ರಗಳಿಗೆ ನುಗ್ಗಿತು. ಕಡತ ಹಂಚುವ, ಮುದ್ರಣ ನೋಡಿಕೊಳ್ಳುವ ಸೇವೆಗಳ ದೋಷಗಳೇ ಅದಕ್ಕೆ ದಾರಿ. ಇಂಥ ಸೇವೆ ತಮ್ಮ ಯಂತ್ರದಲ್ಲಿ ಓಡುತ್ತಿದೆ ಎಂದೇ ಗೊತ್ತಿಲ್ಲದವನು ಅದನ್ನು ದುರಸ್ತಿ ಮಾಡುವುದಾದರೂ ಹೇಗೆ? ಹಾಕಿದ ಪ್ರತಿ ಪ್ಯಾಕೇಜೂ ನಾವೇ ಕಾಯಬೇಕಾದ ಬಾಗಿಲು.

2006ರ ಮಾರ್ಚ್‌ನಲ್ಲಿ ಬಂದ ಫೆಡೋರಾ ಕೋರ್ 5 ಆ 'ಎವ್ರಿಥಿಂಗ್' ಆಯ್ಕೆಯನ್ನೇ ಕೈಬಿಟ್ಟಿತು. ಇಂದು 'ಎಲ್ಲಾ' ಎಂಬುದು ಆಗದ ಮಾತು ಕೂಡ. 2023ರ ಡೆಬಿಯನ್ 12ರಲ್ಲಿ 64,419 ಪ್ಯಾಕೇಜ್‌ಗಳಿದ್ದವು. ಕೆಲವು ಒಂದೇ ಮನೆಯಲ್ಲಿ ಬಾಳುವುದಿಲ್ಲ. ಅಂಚೆ ಸಾಗಿಸುವ ಎಕ್ಸಿಮ್ ಇದ್ದಲ್ಲಿ ಪೋಸ್ಟ್‌ಫಿಕ್ಸ್ ಹಾಕಿದರೆ ಡೆಬಿಯನ್ ಎಕ್ಸಿಮ್ ಅನ್ನು ಹೊರಗೆ ಕಳಿಸುತ್ತದೆ.

ನಾನೂ ಈ ತಪ್ಪು ಮಾಡಿದವನೇ. ಡಿಪ್ಲೊಮಾ ಮುಗಿಸಿ ಸ್ಟ್ರಿಂಗರ್ ಆದ ಹೊಸದರಲ್ಲಿ ಗಂಗಾವತಿಯ ಗೆಳೆಯನಿಂದ ಡಿವಿಡಿ ತಂದು ಕಂಡದ್ದಕ್ಕೆಲ್ಲ ಟಿಕ್ ಹಾಕಿದ್ದೆ. ಒಂದು ಸಂಜೆ ಕುಷ್ಟಗಿಯಿಂದ ಸುದ್ದಿ ಕಳಿಸಬೇಕು, ಫೋಟೊ ಇಳಿಸಲು ಡಿಸ್ಕಿನಲ್ಲಿ ಜಾಗವಿಲ್ಲ. ಹಳೆಯ ನುಡಿ ಕಡತ ತೆರೆದರೆ ಅಕ್ಷರವೆಲ್ಲ ಕಲಸುಮೇಲೋಗರ. ಸಾವಿರಾರು ಪ್ಯಾಕೇಜ್ ಇದ್ದವು, ನುಡಿಯ ಹಳೆ ಸಂಕೇತವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕ ಮಾತ್ರ ಇರಲಿಲ್ಲ. ಆ ಸುದ್ದಿ ಮರುದಿನದ ಪತ್ರಿಕೆಗೆ ತಪ್ಪಿತು.

ನಮಗೆ ಬೇಕಾದದ್ದು ಬೆರಳೆಣಿಕೆಯಷ್ಟು. ಓದಲು ಲೋಹಿತ್ ಅಥವಾ ಗುಬ್ಬಿ ಫಾಂಟ್, ಬೇಕಿದ್ದರೆ ಕೈಬರಹದಂಥ ನವಿಲು. ಟೈಪ್ ಮಾಡಲು ಐಬಸ್ ಮತ್ತು ಎಂ17ಎನ್. ಇದರಲ್ಲಿ ಕೆ.ಪಿ. ರಾವ್ ಅವರ ವಿನ್ಯಾಸವನ್ನು ಆಧರಿಸಿದ ಕೀಲಿಮಣೆಯೂ ಸಿಗುತ್ತದೆ, ನುಡಿಯಲ್ಲಿ ಕೈ ಪಳಗಿದವರಿಗೆ ತೊಡಕಿಲ್ಲ. ಬರೆಯಲು ಲಿಬ್ರೆಆಫೀಸ್.

ಹಾಗಂತ ಗೆಳೆಯನ ಭಯ ಸುಳ್ಳಲ್ಲ. ಊರಲ್ಲಿ ನೆಟ್ ಇಲ್ಲದವನಿಗೆ 'ಬೇಕಾದಾಗ ಹಾಕಿಕೋ' ಎನ್ನುವುದು ಪಟ್ಟಣದವರ ಮಾತು. ಅದಕ್ಕೆ ನಡುದಾರಿ ಇದೆ: ನೆಟ್ ಇರುವಲ್ಲಿ ಪ್ಯಾಕೇಜ್‌ಗಳನ್ನು ಇಳಿಸಿ ಮಾತ್ರ ಇಟ್ಟುಕೊಂಡು, ಅಗತ್ಯ ಬಿದ್ದಾಗ ಊರಲ್ಲಿ ಹಾಕಿಕೊಳ್ಳಲು ಡೆಬಿಯನ್‌ನ ಆಪ್ಟ್ ಬಿಡುತ್ತದೆ.

ಗೆಳೆಯನಿಗೆ ಒಂದು ಹಾಳೆ ಕೊಟ್ಟು, "ದಿನಾ ಏನೇನ್ ಕೆಲಸ ಮಾಡ್ತಿ, ಬರಿ" ಅಂದೆ. ಏಳು ಸಾಲು ಬರೆದ. ಅಷ್ಟಕ್ಕೆ ಬೇಕಾದದ್ದನ್ನು ಹಾಕಿ, ಇನ್ನಷ್ಟನ್ನು ಇಳಿಸಿಕೊಟ್ಟು ಸಂಜೆಯ ಬಸ್ಸಿಗೆ ಕಳಿಸಿದೆ.