ಕಡತ: ಕರಿಬಟ್ಟೆಯಿಂದ ಡಿಸ್ಕಿನವರೆಗೆ

ಸಾತನೂರು ಹೋಬಳಿಯ ಕಬ್ಬಾಳು ಕೋಟೆಯಿಂದಲೂ ಕಬ್ಬಾಳಮ್ಮನ ದೇವಾಲಯದಿಂದಲೂ ಹೆಸರಾಗಿದ್ದರೂ, ಅಲ್ಲಿಯ ಹೊಲಗದ್ದೆಗಳ ಚರಿತ್ರೆಯನ್ನು ಕನಕಪುರ ತಾಲ್ಲೂಕು ಕಚೇರಿಯ ದಾಖಲೆಗಳಲ್ಲೇ ಹುಡುಕಬೇಕಾಗುತ್ತದೆ. ಬರೆದದ್ದು ಯಾವ ಗಳಿಗೆಯಲ್ಲಿ ಅಳಿಯದ ದಾಖಲೆಯಾಗುತ್ತದೆ ಎಂಬ ಪ್ರಶ್ನೆ ಈ ಕಂದಾಯ ಆಡಳಿತಕ್ಕೆ ಗಣಕಯಂತ್ರ ಬರುವುದಕ್ಕೆ ಬಹಳ ಮೊದಲೇ ಎದುರಾಗಿತ್ತು.

ಮೈಸೂರು ಸೀಮೆಯ ಶಾನುಭೋಗರೂ ವರ್ತಕರೂ ಲೆಕ್ಕವಿಡುತ್ತಿದ್ದ 'ಕಡತ'ವೆಂಬುದು ಹತ್ತಿಬಟ್ಟೆಯ ಪುಸ್ತಕ. ಉದ್ದನೆಯ ಬಟ್ಟೆಗೆ ಹುಣಿಸೆಬೀಜದ ಸರಿಯಲ್ಲಿ ಇದ್ದಿಲಪುಡಿ ಕಲಸಿ ಎರಡೂ ಬದಿಗೆ ಬಳಿದು, ಒಣಗಿದ ಮೇಲೆ ಕತ್ತರಿಸದೆ ಹಿಂದುಮುಂದಾಗಿ ಮಡಿಸಿ, ತುದಿಗಳಿಗೆ ತೆಳುಹಲಗೆ ಅಂಟಿಸಿ, ಆ ಕಪ್ಪು ಮೈಯ ಮೇಲೆ ಬಳಪದಿಂದ ಬರೆಯಲಾಗುತ್ತಿತ್ತು. 1810ರಲ್ಲಿ ತನ್ನ ಮೈಸೂರು ಇತಿಹಾಸದ ಮೊದಲ ಸಂಪುಟ ಹೊರತಂದ ಮಾರ್ಕ್ ವಿಲ್ಕ್ಸ್ ಇದನ್ನು ವಿವರವಾಗಿ ವರ್ಣಿಸಿದ್ದಾನೆ. ಬೇಡವಾದದ್ದನ್ನು ಒರಸಿ ಮತ್ತೆ ಬರೆಯಬಹುದಾಗಿದ್ದುದು ಕಡತದ ಅನುಕೂಲವೂ ಹೌದು, ಅಪಾಯವೂ ಹೌದು. ಉಳಿಯಲೇಬೇಕಾದ ದಾನದತ್ತಿಗಳನ್ನು ಕಲ್ಲಿಗೂ ತಾಮ್ರಕ್ಕೂ ಏರಿಸುತ್ತಿದ್ದುದು ಸುಮ್ಮನೆ ಅಲ್ಲ.

ಕಾಗದದ ಕಾಲದಲ್ಲೂ ಇದೇ ಎರಡು ಹಂತ ಬೇರೆ ರೂಪದಲ್ಲಿ ಮುಂದುವರಿಯಿತು. 1964ರ ಕರ್ನಾಟಕ ಭೂಕಂದಾಯ ಕಾಯಿದೆಯಂತೆ ಹಕ್ಕಿನ ಬದಲಾವಣೆ ಮೊದಲು ಮ್ಯುಟೇಶನ್ ವಹಿಯಲ್ಲಿ ದಾಖಲಾಗಿ, ದೃಢೀಕರಣವಾದ ಮೇಲಷ್ಟೇ ಹಕ್ಕುದಾಖಲೆಗೆ ವರ್ಗವಾಗಬೇಕಿತ್ತು. ನಡುವಿನ ಅವಧಿಯಲ್ಲಿ ಜಮೀನು ಕೊಂಡವನ ಹೆಸರು ಪಹಣಿಯಲ್ಲಿ ಕಾಣುತ್ತಿರಲಿಲ್ಲ.

ಕನಕಪುರವು ಬೆಂಗಳೂರು ಗ್ರಾಮಾಂತರ ಜಿಲ್ಲೆಗೆ ಸೇರಿದ್ದಾಗ, ಹೊಸ ಶತಮಾನದ ಮೊದಲ ವರ್ಷಗಳಲ್ಲಿ, 'ಭೂಮಿ' ಯೋಜನೆಯು ರಾಜ್ಯದ ಸುಮಾರು 67 ಲಕ್ಷ ರೈತರ 2 ಕೋಟಿ ಪಹಣಿಗಳನ್ನು ಗಣಕಕ್ಕೆ ಏರಿಸಿ ಕೈಬರಹದ ಪಹಣಿಯ ಮಾನ್ಯತೆಯನ್ನು ತೆಗೆದುಹಾಕಿತು. ಹಳೆಯ ಪ್ರಶ್ನೆ ಮಾತ್ರ ಯಂತ್ರದೊಳಗೂ ಬಂದು ಕುಳಿತಿತು. ಡಿಸ್ಕಿಗೆ ಬರೆಯುವುದು ನಿಧಾನದ ಕೆಲಸವಾದ್ದರಿಂದ, ಒತ್ತಿದ ಅಕ್ಷರಗಳನ್ನು ಯಂತ್ರ ಮೊದಲು ಮೆಮೊರಿಯ ಒಂದು ಭಾಗದಲ್ಲಿ ಇಟ್ಟುಕೊಂಡು ಬಳಿಕ ಒಟ್ಟಾಗಿ ಡಿಸ್ಕಿಗೆ ಸಾಗಿಸುತ್ತದೆ. ಈ ತಾತ್ಕಾಲಿಕ ತಾಣವೇ ಬಫರ್. ವಿದ್ಯುತ್ ಹೋದರೆ, ಅಥವಾ ಸಿಬ್ಬಂದಿ ಅವಸರದಲ್ಲಿ ಯಂತ್ರವನ್ನು ಮರುಚಾಲನೆ ಮಾಡಿದರೆ, ಬಫರಿನಲ್ಲಿದ್ದದ್ದು ಒದ್ದೆ ಬಟ್ಟೆಯಿಂದ ಒರಸಿದ ಬಳಪದ ಬರಹದಂತೆ ಅಳಿಸಿಹೋಗುತ್ತದೆ.

ಇದಕ್ಕೆ ಪರಿಹಾರವನ್ನು 1970ರ ದಶಕದಲ್ಲೇ ಯುನಿಕ್ಸ್ ಕಾರ್ಯಾಚರಣಾ ವ್ಯವಸ್ಥೆ ಕಂಡುಕೊಂಡಿತ್ತು. ಅದರ 'ಸಿಂಕ್' ಎಂಬ ಆಜ್ಞೆ ಬಫರಿನಲ್ಲಿರುವುದನ್ನೆಲ್ಲ ಡಿಸ್ಕಿಗೆ ಕಳಿಸಲು ಹೇಳುತ್ತಿತ್ತು. ಪ್ರತಿ 30 ಸೆಕೆಂಡಿಗೊಮ್ಮೆ ಅದೇ ಕೆಲಸ ತಾನಾಗಿ ನಡೆಯುವ ಏರ್ಪಾಡೂ ಇತ್ತು. ಆದರೆ ಆಜ್ಞೆಯು ಬರವಣಿಗೆಯನ್ನು ಸರದಿಗೆ ಹಚ್ಚಿ, ಅದು ಮುಗಿಯುವ ಮೊದಲೇ ಹಿಂತಿರುಗುತ್ತಿದ್ದುದರಿಂದ, ಯಂತ್ರ ನಿಲ್ಲಿಸುವ ಮುನ್ನ ಅದನ್ನು ಮೂರು ಸಲ, ಒಂದೊಂದೇ ಸಾಲಿನಲ್ಲಿ, ಬೆರಳಚ್ಚಿಸುವ ರೂಢಿ ಬೆಳೆಯಿತು. ಮೂರರಲ್ಲಿ ಮಂತ್ರವೇನೂ ಇರಲಿಲ್ಲ. ಎರಡನೆಯದನ್ನೂ ಮೂರನೆಯದನ್ನೂ ಒತ್ತುವಷ್ಟರಲ್ಲಿ ಡಿಸ್ಕಿಗೆ ಕೆಲಸ ಮುಗಿಸಲು ಸಮಯ ಸಿಗುತ್ತಿತ್ತು, ಅಷ್ಟೆ. ಒಂದೇ ಸಾಲಿನಲ್ಲಿ ಮೂರನ್ನೂ ಸೇರಿಸಿ ಬರೆಯುವವರು ರೂಢಿಯನ್ನು ಉಳಿಸಿಕೊಂಡು ಕಾರಣವನ್ನು ಬಿಟ್ಟವರು. 1983ರ ಬರ್ಕ್ಲಿ ಯುನಿಕ್ಸ್ ತಂದ 'ಎಫ್‌ಸಿಂಕ್' ಒಂದು ನಿರ್ದಿಷ್ಟ ಕಡತ ಡಿಸ್ಕು ಸೇರುವವರೆಗೆ ಕಾಯುವಂಥದು.

ಖಾತೆ ಬದಲಾವಣೆಗೆ ಇಷ್ಟೂ ಸಾಲದು. ಮಾರಿದವನ ಹೆಸರು ಹೋಗಿ ಕೊಂಡವನ ಹೆಸರು ಸೇರುವ ಮುನ್ನ ಯಂತ್ರ ನಿಂತರೆ ಹೊಲ ಯಾರದೂ ಅಲ್ಲದಂತಾಗುತ್ತದೆ. ಆದ್ದರಿಂದಲೇ ದತ್ತಸಂಚಯದ ತಂತ್ರಾಂಶಗಳು ಆಗಬೇಕಾದ ಬದಲಾವಣೆಯನ್ನು ಮೊದಲು 'ಲಾಗ್' ಎಂಬ ದಿನವಹಿಯಲ್ಲಿ ಬರೆದು, ಅದು ಡಿಸ್ಕಿನಲ್ಲಿ ನೆಲೆಗೊಂಡ ಮೇಲೆ ಮಾತ್ರ ಕೆಲಸ ಮುಗಿಯಿತೆಂದು ತಿಳಿಸುತ್ತವೆ. ಯಂತ್ರ ಮತ್ತೆ ಎದ್ದಾಗ ಆ ದಿನವಹಿಯನ್ನು ಓದಿ, ಅರ್ಧಕ್ಕೆ ನಿಂತದ್ದನ್ನು ಪೂರ್ತಿ ಮಾಡುತ್ತವೆ ಇಲ್ಲವೇ ರದ್ದುಗೊಳಿಸುತ್ತವೆ. ಮ್ಯುಟೇಶನ್ ವಹಿಯ ಮರ್ಮವೂ ಇದಕ್ಕೆ ದೂರವಲ್ಲ.

ಡಿಸ್ಕಿನೊಳಗೂ ಅದರದೇ ಪುಟ್ಟ ಬಫರ್ ಇರುವುದರಿಂದ, ತಲುಪಿತೆಂದು ಡಿಸ್ಕು ಹೇಳಿದ್ದೂ ಕೆಲವೊಮ್ಮೆ ಸುಳ್ಳಾಗುತ್ತದೆ.