ಎತ್ತಿನ ಚರ್ಮ ದಪ್ಪ, ಹೊಡೆದರೂ ನೋವಾಗಲ್ಲ ಎನ್ನುವುದು ನಿಜವೇ?

‘ಎತ್ತು ದುಡಿಯೋಕೇ ಹುಟ್ಟಿದ್ದು. ಚರ್ಮ ದಪ್ಪ, ನೋವು ಗೊತ್ತಾಗಲ್ಲ. ನಿಲ್ಲದೆ ನಡೀತಿದೆ ಅಂದ್ರೆ ಭಾರ ಹೆಚ್ಚಾಗಿಲ್ಲ ಅಂತ ಅರ್ಥ.’ ಗಾಡಿ ಎಳೆಯುವ ಎತ್ತುಗಳ ವಿಡಿಯೋ ಬಂದಾಗಲೆಲ್ಲ ಇಂಥ ಮಾತು ಕೇಳಿಬರುತ್ತದೆ. ಕೆ.ಆರ್. ನಗರ ಭಾಗದ ಭೇರ್ಯ, ಸಾಲಿಗ್ರಾಮ, ಚುಂಚನಕಟ್ಟೆ ಸುತ್ತ ಭತ್ತ, ಹುಲ್ಲು, ಕಬ್ಬು ಹೊತ್ತ ಎತ್ತಿನ ಗಾಡಿ ಹೊಸದಲ್ಲ. ಚುಂಚನಕಟ್ಟೆಯ ದನಗಳ ಜಾತ್ರೆಯಲ್ಲಿ ಹಳ್ಳಿಕಾರ್ ಜೋಡಿಗೆ ಈಗಲೂ ಒಳ್ಳೆಯ ಬೆಲೆಯಿದೆ. ಹಾಗಾದರೆ ಈ ಮಾತುಗಳಲ್ಲಿ ಎಷ್ಟು ಸತ್ಯವಿದೆ? ನೋಡೋಣ.

ಹೇಳಿಕೆ 1: ಎತ್ತಿಗೆ ನೋವು ಗೊತ್ತಾಗುವುದಿಲ್ಲ

ತಪ್ಪು. ದನದ ಚರ್ಮ ನಮ್ಮ ಚರ್ಮಕ್ಕಿಂತ ದಪ್ಪ ನಿಜ, ಆದರೆ ಅದರಲ್ಲೂ ನೋವು ತಿಳಿಸುವ ನರಗಳಿವೆ. ಒಂದು ನೊಣ ಕೂತರೂ ಎತ್ತು ಅಲ್ಲಿನ ಚರ್ಮವನ್ನಷ್ಟೇ ಅದುರಿಸುವುದನ್ನು ನೋಡಿರುತ್ತೀರಿ. ನೊಣ ಕೂತದ್ದು ತಿಳಿಯುವ ಚರ್ಮಕ್ಕೆ ಮೊಳೆ ಚುಚ್ಚಿದ್ದು ತಿಳಿಯದೇ ಇರುತ್ತದೆಯೇ? ಬಾಲದಲ್ಲೂ ಬೆನ್ನುಮೂಳೆಯ ಮುಂದುವರಿದ ಸಣ್ಣ ಮೂಳೆಗಳಿವೆ. ಜೋರಾಗಿ ತಿರುಚಿದರೆ ಅವು ಮುರಿಯಬಹುದು.

ಹಾಗಾದರೆ ಎತ್ತು ಕೂಗುವುದಿಲ್ಲ ಏಕೆ? ಹುಲಿ, ತೋಳಗಳಿಗೆ ಬೇಟೆಯಾಗುತ್ತಿದ್ದ ವಂಶದ ಪ್ರಾಣಿ ಅದು. ನರಳುವ ಪ್ರಾಣಿಯೇ ಮೊದಲು ಬೇಟೆಗೆ ಸಿಗುತ್ತದೆ. ಹಾಗಾಗಿ ದನಗಳು ನೋವನ್ನು ಬೇಗ ತೋರಿಸಿಕೊಳ್ಳುವುದಿಲ್ಲ. ಎತ್ತು ಸುಮ್ಮನಿದೆ ಎಂದ ಮಾತ್ರಕ್ಕೆ ಅದಕ್ಕೆ ನೋವಿಲ್ಲ ಎಂದಲ್ಲ.

ಹೇಳಿಕೆ 2: ಎಳೆಯುತ್ತಿದೆ ಎಂದರೆ ಭಾರ ಸರಿಯಾಗಿದೆ

ಇದೂ ತಪ್ಪು. ಎತ್ತು ದಿನವಿಡೀ ಸುಸ್ತಾಗದೆ ಎಳೆಯಬಲ್ಲ ಬಲ ತನ್ನ ಮೈತೂಕದ ಸುಮಾರು ಹತ್ತನೇ ಒಂದು ಭಾಗ ಮಾತ್ರ. ಚಕ್ರ ಇರುವುದರಿಂದ ಅಷ್ಟೇ ಬಲದಲ್ಲಿ ಹೆಚ್ಚು ತೂಕ ಸಾಗುತ್ತದೆ. ಆದರೆ ಗಾಡಿ ಹೊರಡುವಾಗ, ದಿಬ್ಬ ಹತ್ತುವಾಗ, ಕೆಸರಿನಲ್ಲಿ ಹೂತಾಗ ಹಲವು ಪಟ್ಟು ಬಲ ಬೇಕು. ಇಳಿಜಾರಿನಲ್ಲಿ ಹಿಂದಿನಿಂದ ನೂಕುವ ಗಾಡಿಯನ್ನು ತಡೆಯುವುದೂ ಎತ್ತಿನ ಕತ್ತೇ.

ಕಣ್ಣಳತೆಯನ್ನೂ ನಂಬುವಂತಿಲ್ಲ. ಒಣಹುಲ್ಲಿನ ಗಾಡಿ ಮನೆಯೆತ್ತರ ಕಂಡರೂ ಹಗುರವಿರಬಹುದು. ಮರಳು ಕಡಿಮೆ ಕಂಡರೂ ಒಂದು ಘನ ಅಡಿಗೆ ಸುಮಾರು 45 ಕೆ.ಜಿ. ತೂಗುತ್ತದೆ.

ಹೇಳಿಕೆ 3: ದುಡಿಸುವುದಕ್ಕೆ ಯಾವ ನಿಯಮವೂ ಇಲ್ಲ

ಇದೆ. ಕೇಂದ್ರ ಸರ್ಕಾರ 1965ರಲ್ಲೇ ಎಳೆಯುವ ಮತ್ತು ಹೊರುವ ಪ್ರಾಣಿಗಳಿಗಾಗಿ ನಿಯಮ ಮಾಡಿದೆ. ಮುಖ್ಯವಾದವು ಇವು:

• ಮಧ್ಯಮ ಗಾತ್ರದ ಎತ್ತಿಗೆ ಎರಡು ಚಕ್ರದ ಗಾಡಿಯಲ್ಲಿ ಮಿತಿ: ಗಾಳಿ ತುಂಬಿದ ಟೈರಿದ್ದರೆ 1050 ಕೆ.ಜಿ., ಇಲ್ಲದಿದ್ದರೆ 700 ಕೆ.ಜಿ.
• ಒಂದು ಕಿ.ಮೀ. ಅಥವಾ ಹೆಚ್ಚು ದೂರ ಕಡಿದಾದ ಏರು ಇದ್ದರೆ ಮಿತಿ ಅರ್ಧಕ್ಕೆ ಇಳಿಯುತ್ತದೆ.
• ದಿನಕ್ಕೆ ಒಟ್ಟು 9 ಗಂಟೆಗಿಂತ ಹೆಚ್ಚು, ಬಿಡುವಿಲ್ಲದೆ ಸತತ 5 ಗಂಟೆಗಿಂತ ಹೆಚ್ಚು ದುಡಿಸುವಂತಿಲ್ಲ.
• ಬಿಸಿಲು 37 ಡಿಗ್ರಿ ಸೆಲ್ಸಿಯಸ್ ದಾಟಿದಲ್ಲಿ ಮಧ್ಯಾಹ್ನ 12ರಿಂದ 3ರವರೆಗೆ ಕಟ್ಟುವಂತಿಲ್ಲ.
• ಮೊಳೆ ಹೊಡೆದ ಕೋಲು, ಮುಳ್ಳಿರುವ ಕಡಿವಾಣ ಅಥವಾ ನೊಗ ಬಳಸುವಂತಿಲ್ಲ.

ಗಾಯಗೊಂಡ, ಕುಂಟುವ ಅಥವಾ ಮುದಿಯಾದ ಪ್ರಾಣಿಯನ್ನು ಕೆಲಸಕ್ಕೆ ಹಚ್ಚುವುದು 1960ರ ಪ್ರಾಣಿ ಹಿಂಸೆ ತಡೆ ಕಾಯ್ದೆಯ ಪ್ರಕಾರ ಅಪರಾಧ. ಆದರೆ ಮೊದಲ ತಪ್ಪಿಗೆ ದಂಡ ಇರುವುದು 10ರಿಂದ 50 ರೂಪಾಯಿ ಮಾತ್ರ. ಹೀಗಾಗಿ ಕಾನೂನಿಗಿಂತ ಗಾಡಿ ಹೊಡೆಯುವವರ ತಿಳಿವಳಿಕೆಯೇ ಎತ್ತಿಗೆ ದೊಡ್ಡ ರಕ್ಷಣೆ.

ತೊಂದರೆ ಗುರುತಿಸುವುದು ಹೇಗೆ?

ಮೊದಲು ಹೆಗಲು ನೋಡಿ. ಕೂದಲು ಉದುರಿರುವುದು, ಬಾವು, ಹಸಿ ಹುಣ್ಣು ಇದ್ದರೆ ನೊಗ ಉಜ್ಜುತ್ತಿದೆ ಎಂದರ್ಥ. ಒರಟು ನೊಗ, ಎತ್ತರದಲ್ಲಿ ಹೊಂದದ ಜೋಡಿ, ಮಳೆಯಲ್ಲಿ ನೆನೆದ ಹೆಗಲು, ತಿಂಗಳುಗಟ್ಟಲೆ ಕೊಟ್ಟಿಗೆಯಲ್ಲಿದ್ದ ಎತ್ತನ್ನು ಒಮ್ಮೆಲೇ ಪೂರ್ತಿ ದುಡಿಮೆಗೆ ಹೂಡುವುದು ಇದಕ್ಕೆ ಕಾರಣ. ಹುಣ್ಣಿನ ಮೇಲೆ ಬಟ್ಟೆ ಸುತ್ತಿ ಮತ್ತೆ ಹೂಡಿದರೆ ಗಾಯ ಆಳವಾಗುತ್ತದೆ. ಮಾಯುವವರೆಗೆ ಬಿಡುವು ಕೊಡುವುದೇ ಮೊದಲ ಔಷಧಿ.

ಬಾಯಿ ತೆರೆದು ಏದುಸಿರು ಬಿಡುವುದು, ನಾಲಿಗೆ ಹೊರಚಾಚಿ ಜೊಲ್ಲು ಸುರಿಸುವುದು ಮೈ ವಿಪರೀತ ಬಿಸಿಯಾದ ಲಕ್ಷಣ. ಕೂಡಲೇ ನೊಗ ಇಳಿಸಿ, ನೆರಳಿಗೆ ಕಟ್ಟಿ, ಮೈಮೇಲೆ ನೀರು ಹಾಕಿ, ಸ್ವಲ್ಪ ಸ್ವಲ್ಪವಾಗಿ ಕುಡಿಸಬೇಕು. ಲಾಳ ಸವೆದು ಕುಂಟುತ್ತಿದ್ದರೆ ಗಾಡಿ ಕಟ್ಟಬೇಡಿ. ಮೆಲುಕು ಹಾಕಲು ದನಕ್ಕೆ ದಿನದಲ್ಲಿ ಹಲವು ಗಂಟೆ ಬೇಕು. ಹಾಗಾಗಿ ಬಿಡುವೂ ಅದಕ್ಕೆ ಮೇವಿನಷ್ಟೇ ಮುಖ್ಯ.

ಫಾರ್ವರ್ಡ್ ಮಾಡುವ ಮುನ್ನ

ಎತ್ತು ಕುಸಿದು ಬಿದ್ದ ವಿಡಿಯೋ ಬಂದರೆ ಅದು ಎಲ್ಲಿಯದು, ಯಾವಾಗಿನದು ಎಂದು ಕೇಳಿ. ಹಳೆಯ ವಿಡಿಯೋಗೆ ನಿಮ್ಮೂರಿನ ಹೆಸರು ಅಂಟಿಸಿ ಹಂಚಿದರೆ ಎತ್ತಿಗೆ ಉಪಯೋಗವಿಲ್ಲ, ಯಾರೋ ರೈತನ ಮರ್ಯಾದೆ ಮಾತ್ರ ಹೋಗುತ್ತದೆ. ಕಣ್ಣೆದುರೇ ನಡೆದರೆ ಪಶು ಚಿಕಿತ್ಸೆಗೆ 1962ಕ್ಕೆ, ಹಿಂಸೆ ನಡೆಯುತ್ತಿದ್ದರೆ 112ಕ್ಕೆ ಕರೆ ಮಾಡಿ. ಗಾಡಿಯವರೊಂದಿಗೆ ಜಗಳಕ್ಕೆ ಇಳಿಯುವ ಬದಲು ಒಂದು ಬಕೆಟ್ ನೀರು ತಂದುಕೊಡಿ, ಭಾರ ಇಳಿಸಲು ಕೈ ಜೋಡಿಸಿ.

ನಮ್ಮ ತೀರ್ಮಾನ: ‘ಎತ್ತಿಗೆ ನೋವಾಗಲ್ಲ’ ಎನ್ನುವುದು ಸುಳ್ಳು. ಅದು ನೋವನ್ನು ಬಾಯಿಬಿಟ್ಟು ಹೇಳುವುದಿಲ್ಲ ಅಷ್ಟೇ. ಹೆಗಲು, ಉಸಿರು, ನಡಿಗೆ ನೋಡಿ ನಾವೇ ತಿಳಿದುಕೊಳ್ಳಬೇಕು.