ಬೋರ್ಡಿಂಗ್ ಗೇಟ್‌ನಲ್ಲಿ ಲಗೇಜ್ ಹಣ ಕೇಳಿದರೆ: ಪ್ರಶ್ನಿಸುವುದು ಯಾವಾಗ, ದೂರು ಕೊಡುವುದು ಎಲ್ಲಿ?

ಮಂಗಳೂರು ಅಥವಾ ಕಣ್ಣೂರಿನಿಂದ ಗಲ್ಫ್‌ಗೆ ಹೊರಡುವ ಮಂಜೇಶ್ವರ, ಉಪ್ಪಳ, ಕಾಸರಗೋಡಿನ ಪ್ರಯಾಣಿಕರಿಗೆ ಈ ತಲೆನೋವು ಹೊಸದಲ್ಲ. ಚೆಕ್-ಇನ್ ಮುಗಿದು, ಎಮಿಗ್ರೇಶನ್ ದಾಟಿ ಗೇಟ್‌ನ ಸಾಲಿನಲ್ಲಿ ನಿಂತಾಗ ಸಿಬ್ಬಂದಿ ಕೈಯಲ್ಲಿರುವ ಬ್ಯಾಗ್ ತೂಗಿ ಹೆಚ್ಚುವರಿ ಹಣ ಕೇಳುತ್ತಾರೆ. ಬಿಡಲು ಬಂದವರ ಕೈಗೆ ಹಲ್ವಾ, ಚಿಪ್ಸ್ ವಾಪಸ್ ಕೊಡುವ ದಾರಿ ಆಗ ಇರುವುದಿಲ್ಲ. ವೀಸಾ ಅವಧಿ ಮುಗಿಯುತ್ತಿರುವವರಿಗೆ ವಿಮಾನ ತಪ್ಪಿದರೆ ಕೆಲಸವೇ ಹೋದೀತು.

ನಿಯಮ ಏನಿದೆ?

ಭಾರತದ ವಿಮಾನ ಕಂಪೆನಿಗಳ ಎಕಾನಮಿ ಟಿಕೆಟ್‌ನಲ್ಲಿ ಕೈಬ್ಯಾಗ್‌ಗೆ ಸಾಮಾನ್ಯವಾಗಿ 7 ಕಿಲೋ ಮಿತಿ. ಅಳತೆಗೂ ಮಿತಿ ಇದೆ. ಲ್ಯಾಪ್‌ಟಾಪ್ ಬ್ಯಾಗ್, ಡ್ಯೂಟಿ ಫ್ರೀ ಚೀಲ ಈ 7 ಕಿಲೋ ಒಳಗೋ ಹೊರಗೋ ಎಂಬುದು ಕಂಪೆನಿಯಿಂದ ಕಂಪೆನಿಗೆ ಬೇರೆ.

ಹೆಚ್ಚುವರಿ ಲಗೇಜ್ ದರಕ್ಕೆ ಕಡಿವಾಣ ಹಾಕುವ ಪ್ರಯತ್ನವೂ ಒಮ್ಮೆ ಆಗಿತ್ತು. ದೇಶದೊಳಗಿನ ಪ್ರಯಾಣದಲ್ಲಿ ಚೆಕ್-ಇನ್ ಲಗೇಜ್ 15 ಕಿಲೋ ದಾಟಿದರೆ 20 ಕಿಲೋ ತನಕ ಕಿಲೋಗೆ 100 ರೂ. ಮಾತ್ರ ಎಂದು ಡಿಜಿಸಿಎ 2016ರಲ್ಲಿ ಆದೇಶಿಸಿತ್ತು. 2017ರಲ್ಲಿ ದಿಲ್ಲಿ ಹೈಕೋರ್ಟ್ ಅದನ್ನು ರದ್ದು ಮಾಡಿತು. ಹಾಗಾಗಿ 'ದರ ಜಾಸ್ತಿಯಾಯಿತು' ಎಂಬ ದೂರು ನಿಲ್ಲುವುದು ಕಷ್ಟ. ಕಂಪೆನಿ ತನ್ನದೇ ನಿಯಮ ಮೀರಿ ಹಣ ತಗೊಂಡಿದ್ದರೆ ಮಾತ್ರ ದೂರಿಗೆ ಬಲ ಬರುತ್ತದೆ.

ಯಾವ ದೂರಿಗೆ ಬಲ?

ಟಿಕೆಟ್‌ನಲ್ಲಿ ಬರೆದ ತೂಕದೊಳಗೇ ಇದ್ದರೂ ಹಣ ಪಡೆದಿದ್ದರೆ, ಮುಂಚೆಯೇ ಆನ್‌ಲೈನ್‌ನಲ್ಲಿ ಕಟ್ಟಿದ್ದಕ್ಕೆ ಮತ್ತೆ ವಸೂಲಿ ಮಾಡಿದ್ದರೆ, ಪ್ರಕಟಿತ ದರಕ್ಕಿಂತ ಹೆಚ್ಚು ಕೇಳಿದ್ದರೆ, ರಶೀದಿ ಕೊಡದಿದ್ದರೆ. ಬಿಲ್ ಕೊಡದಿರುವುದು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಪ್ರಕಾರ ಅನುಚಿತ ವ್ಯಾಪಾರ ಪದ್ಧತಿ. ಅಂಗಡಿಯ ತಕ್ಕಡಿಗೆ ಸರಕಾರದ ಮುದ್ರೆ ಬೇಕಾದಂತೆ, ನಮ್ಮ ದೇಶದಲ್ಲಿ ತೂಗಿ ಹಣ ಪಡೆಯುವ ಯಂತ್ರಕ್ಕೂ ಮುದ್ರೆ ಬೇಕು. ಅಂಕಿ ಬಗ್ಗೆ ಸಂಶಯವಿದ್ದರೆ ಇನ್ನೊಂದು ಯಂತ್ರದಲ್ಲಿ ತೂಗಲು ಮರ್ಯಾದೆಯಿಂದಲೇ ಕೇಳಬಹುದು.

ಗೇಟ್‌ನಲ್ಲಿ ಏನು ಮಾಡಬೇಕು?

ಜಗಳಕ್ಕಿಳಿಯಬೇಡಿ. ಗೇಟ್ ಮುಚ್ಚಿದರೆ ನಷ್ಟ ಪ್ರಯಾಣಿಕನಿಗೇ. ಟಿಕೆಟ್‌ನ ಲಗೇಜ್ ಸಾಲು ತೋರಿಸಿ. ಆದರೂ ಒಪ್ಪದಿದ್ದರೆ ಹಣ ಕಟ್ಟಿ, 'ಇದಕ್ಕೆ ನನ್ನ ಆಕ್ಷೇಪವಿದೆ' ಎಂದು ಹೇಳಿ. ಸಾಧ್ಯವಾದರೆ ಕಾರ್ಡ್ ಅಥವಾ ಯುಪಿಐ ಮೂಲಕ ಕೊಡಿ, ದಾಖಲೆ ಉಳಿಯುತ್ತದೆ. ರಶೀದಿ, ಬೋರ್ಡಿಂಗ್ ಪಾಸ್, ತೂಕದ ಅಂಕಿಯ ಫೋಟೊ ಇಟ್ಟುಕೊಳ್ಳಿ. ಬ್ಯಾಗನ್ನು ವಿಮಾನದ ಹೊಟ್ಟೆಗೆ ಕಳಿಸುವುದಾದರೆ ಪಾಸ್‌ಪೋರ್ಟ್, ಚಿನ್ನ, ಮದ್ದು, ಪವರ್ ಬ್ಯಾಂಕ್ ತೆಗೆದು ಕೈಯಲ್ಲಿಟ್ಟುಕೊಳ್ಳಿ.

ದೂರಿನ ಮೆಟ್ಟಿಲುಗಳು

1. ಮೊದಲು ಕಂಪೆನಿಗೆ ಇಮೇಲ್ ಮಾಡಿ. ಪಿಎನ್‌ಆರ್, ದಿನಾಂಕ, ಕಟ್ಟಿದ ಮೊತ್ತ, ಯಾವ ನಿಯಮ ಮೀರಿದೆ ಎಂಬುದನ್ನು ಚುಟುಕಾಗಿ ಬರೆಯಿರಿ. ಉತ್ತರ ಬಾರದಿದ್ದರೆ ಕಂಪೆನಿಯ ನೋಡಲ್ ಅಧಿಕಾರಿಗೆ ಕಳಿಸಿ.

2. ಅಲ್ಲೂ ಆಗದಿದ್ದರೆ ನಾಗರಿಕ ವಿಮಾನಯಾನ ಸಚಿವಾಲಯದ 'ಏರ್‌ಸೇವಾ' ಆ್ಯಪ್‌ನಲ್ಲಿ ದೂರು ದಾಖಲಿಸಿ.

3. ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಿ. ಕನ್ನಡದಲ್ಲೂ ಮಲಯಾಳದಲ್ಲೂ ಮಾತಾಡಬಹುದು.

4. ಕೊನೆಗೆ ಜಿಲ್ಲಾ ಗ್ರಾಹಕ ಆಯೋಗ. ಕಂಪೆನಿಯ ಕಚೇರಿ ಎಲ್ಲೇ ಇರಲಿ, ದೂರುದಾರ ವಾಸವಿರುವ ಜಿಲ್ಲೆಯಲ್ಲೇ ಕೇಸು ಹಾಕಬಹುದು. ಕಾಸರಗೋಡಿನವರು ದಿಲ್ಲಿಗೆ ಅಲೆಯಬೇಕಿಲ್ಲ. ಕಟ್ಟಿದ ಮೊತ್ತ 5 ಲಕ್ಷದೊಳಗಿದ್ದರೆ ಆಯೋಗಕ್ಕೆ ಶುಲ್ಕವಿಲ್ಲ, ವಕೀಲರು ಕಡ್ಡಾಯವಲ್ಲ. ಗಡುವು 2 ವರ್ಷ.

ಹೊರಡುವ ಮುಂಚೆ

ಬ್ಯಾಗ್ ನಿಜವಾಗಿಯೂ 9 ಕಿಲೋ ಇದ್ದರೆ ಯಾವ ದೂರೂ ಕೈಹಿಡಿಯದು. ಮನೆಯಲ್ಲೇ ತೂಗಿ, ಅರ್ಧ ಕಿಲೋ ಕಡಿಮೆಯೇ ಇರಲಿ. ಹೆಚ್ಚು ಸಾಮಾನಿದ್ದರೆ ಮೊದಲೇ ಆನ್‌ಲೈನ್‌ನಲ್ಲಿ ಕಿಲೋ ಕೊಳ್ಳಿ, ಸಾಮಾನ್ಯವಾಗಿ ವಿಮಾನ ನಿಲ್ದಾಣದ ದರಕ್ಕಿಂತ ಅಗ್ಗ. ಬುಕ್ ಮಾಡಿದ ದಿನವೇ ಲಗೇಜ್ ನಿಯಮದ ಸ್ಕ್ರೀನ್‌ಶಾಟ್ ತೆಗೆದಿಡಿ. ಟ್ರಾವೆಲ್ ಏಜೆಂಟ್ ಮೂಲಕ ಟಿಕೆಟ್ ಮಾಡಿಸುವವರು 'ಲಗೇಜ್ ಎಷ್ಟು?' ಎಂದು ಬಾಯಲ್ಲಿ ಕೇಳಿ ಬಿಡದೆ, ಟಿಕೆಟ್ ಪ್ರತಿಯಲ್ಲಿ ಅದು ಬರೆದಿದೆಯೇ ಎಂದು ನೋಡಿಕೊಳ್ಳಬೇಕು. ದೂರು ಕೊಡುವಾಗ ಲೆಕ್ಕಕ್ಕೆ ಬರುವುದು ಆ ಬರಹವೇ.